ಅಟ್ಟದ ಕೆಳಗಿನ ಬಸ್ಸು

"ಊರಿನ ಬಸ್ಸೆಲ್ಲ ರಸ್ತೆ ಮೇಲೆ ಓಡ್ತವೆ, ನಮ್ ರಂಗಯ್ಯನ ಬಸ್ಸು ಮಾತ್ರ ನಡುಮನೇಲಿ ಓಡ್ತದೆ" ಅಂತ ಕಿಬ್ಬನಹಳ್ಳಿಯ ಆ ಬೀದಿಯವರು ಹೇಳಿಕೊಂಡು ನಗೋರು. ಎದುರು ಮನೆ ಗುರುಸಿದ್ದಮ್ಮ ಅದಕ್ಕೊಂದು ಬಾಲ ಸೇರಿಸೋಳು: "ಭಾನುವಾರ ಮೂರು ಗಂಟೆಗೆ ಅವನ ಬಾಗಿಲು ತಟ್ಟಬ್ಯಾಡಿ ಕಣ್ರವ್ವ, ಅವನು ಜರ್ಮನೀಲಿರ್ತಾನೆ. ಐದು ಗಂಟೆಗೆ ಬತ್ತಾನೆ, ಆಗ ಹೋಗಿ." ಅಂಗಡಿ ಲಕ್ಷ್ಮಯ್ಯನದು ಮತ್ತೂ ಒಂದು ಕೈ ಮೇಲು. "ಅಕ್ಕ ತಮ್ಮ ಇಬ್ಬರದೂ ಒಂದೇ ಕಸುಬು ಕಣಪ್ಪ. ಅಕ್ಕ ಅಟ್ಟದ ಮೇಲೆ ಕಾಯಿ ಒಣಗಿಸ್ತಾಳೆ, ತಮ್ಮ ಅಟ್ಟದ ಕೆಳಗೆ ಕುಂತು ಒಣಗ್ತಾನೆ."

ಈ ಮಾತೆಲ್ಲ ಹುಚ್ಚರಂಗಯ್ಯನ ಕಿವಿಗೂ ಬೀಳುತ್ತಿತ್ತು. ಅವನೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಸ್ಟೇರಿಂಗ್ ಹಿಡಿದವನಿಗೆ ಹಿಂದಿನ ಸೀಟಿನವರ ಮಾತು ಕಿವಿ ಮೇಲೆ ಹಾಕಿಕೊಳ್ಳದಿರೋದು ಅಭ್ಯಾಸವಾಗಿರುತ್ತೆ. ತಿಪಟೂರಿಂದ ತುರುವೇಕೆರೆಗೆ, ತಿಪಟೂರಿಂದ ಚಿಕ್ಕನಾಯಕನಹಳ್ಳಿಗೆ, ಅಲ್ಲಿಂದ ಹಂದನಕೆರೆಗೆ, ತೆಂಗಿನ ತೋಟದ ನಡುವಿನ ಆ ದಾರಿಗಳಲ್ಲಿ ಯಾವ ಗುಂಡಿ ಯಾವ ತಿರುವಿನಲ್ಲಿದೆ ಅನ್ನೋದು ಅವನಿಗೆ ಅಂಗೈ ಗೆರೆಯಷ್ಟೇ ಪರಿಚಯ. ಅವನಿಗಿದ್ದ ಹೆಮ್ಮೆ ಒಂದೇ. ಅಷ್ಟು ವರ್ಷದಲ್ಲಿ ಒಂದು ದಿನವೂ, ಒಬ್ಬ ಪ್ಯಾಸೆಂಜರನ್ನೂ, ಗಾಡಿ ಕೆಟ್ಟಿತು ಅಂತ ನಡುದಾರಿಯಲ್ಲಿ ಇಳಿಸಿದವನಲ್ಲ.

ಅದರ ಗುಟ್ಟೇನು ಅಂತ ಯಾರಾದರೂ ಕೇಳಿದರೆ, "ಮುಳ್ಳು" ಅನ್ನೋನು. ಇಂಜಿನ್ನಿನ ಬಿಸಿ ತೋರಿಸೋ ಮುಳ್ಳು. "ಕಣ್ಣು ರಸ್ತೆ ಮೇಲಿದ್ರೂ ಕಣ್ಣಿನ ಬಾಲ ಮುಳ್ಳಿನ ಮೇಲಿರಬೇಕು ಕಣ್ಲಾ. ನಡು ದಾಟಿತೋ, ನಿಲ್ಲಿಸು. ಆರೋಕೆ ಬುಡು. ಆಮೇಲೆ ನೀರು. ಕುದಿಯೋ ಇಂಜಿನ್ನಿಗೆ ತಣ್ಣೀರು ಹುಯ್ದೋನು ಡ್ರೈವರಲ್ಲ, ಕೊಲೆಗಾರ."

ಇಂಥವನಿಗೆ ಸಕ್ಕರೆ ಕಾಯಿಲೆ ಬಂತು. ಬಂದದ್ದು ಸದ್ದಿಲ್ಲದೆ ಕಾಲಿಗಿಳಿಯಿತು. ಒಂದು ದಿನ ತುರುವೇಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೀ ಕುಡಿದು ವಾಪಸ್ ಬರುತ್ತಿದ್ದಾಗ ಕಂಡಕ್ಟರ್ ಗಂಗರಾಜು, "ರಂಗಣ್ಣ, ಬಲಗಾಲಿನ ಚಪ್ಪಲಿ ಎಲ್ಲಿ?" ಅಂದ. ನೋಡಿದರೆ ಕಾಲಲ್ಲಿ ಇಲ್ಲ. ಟೀ ಅಂಗಡಿ ಮುಂದೆಯೇ ಕಳಚಿ ಬಿದ್ದಿತ್ತು. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದ, ಅವನಿಗೆ ಗೊತ್ತೇ ಆಗಿರಲಿಲ್ಲ. ಗಂಗರಾಜು ನಕ್ಕ. ಹುಚ್ಚರಂಗಯ್ಯ ನಗಲಿಲ್ಲ. ಮಾರನೇ ದಿನ ಡಿಪೋಗೆ ಹೋಗಿ, "ನನ್ನ ಕಾಲಡಿ ಇರೋದು ಬ್ರೇಕೋ ಬರೀ ನೆಲವೋ ನನಗೆ ತಿಳೀತಿಲ್ಲ, ಇನ್ನು ನಾನು ಓಡಿಸಲ್ಲ" ಅಂತ ಹೇಳಿ, ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಸ್ಟೇರಿಂಗ್ ಬಿಟ್ಟು ಮನೆಗೆ ಬಂದ. ಮನೆಯಲ್ಲಿ ಮಾತ್ರ, "ಸಾಕಾಯ್ತು ಕಣಕ್ಕ, ಬಿಟ್ಟೆ" ಅಂದ.

ಮನೆ ಅಂದರೆ ಅಕ್ಕ ರಂಗಕ್ಕನ ಮನೆ. ಅಪ್ಪ ಕಟ್ಟಿಸಿದ್ದೇ. ರಂಗಕ್ಕ ಗಂಡ ಸತ್ತ ಮೇಲೆ ತವರಿಗೆ ಬಂದು ತೋಟ, ಕಾಯಿ, ಅಟ್ಟ ಎಲ್ಲ ಕೈಗೆ ತಗೊಂಡು ನಲವತ್ತು ವರ್ಷವಾಗಿತ್ತು. ಹುಚ್ಚರಂಗಯ್ಯ ಮದುವೆಯೇ ಆಗಲಿಲ್ಲ. ಬೆಳಗಿನ ಫಸ್ಟ್ ಬಸ್ಸಿಗೆ ಹೋಗಿ ಕೊನೇ ಬಸ್ಸಿಗೆ ಬರೋ ಡ್ರೈವರಿಗೆ ಹೆಣ್ಣು ನೋಡೋಕೆ ಪುರುಸೊತ್ತಾದರೂ ಎಲ್ಲಿ.

ಕೆಲಸ ಬಿಟ್ಟವನು ಎರಡು ತಿಂಗಳು ಜಗಲಿ ಮೇಲೆ ಕುಳಿತ. ಹೆದ್ದಾರಿಯಲ್ಲಿ ಹೋಗೋ ಬಸ್ಸುಗಳ ಸದ್ದು ಕೇಳಿ, "ಮೂರನೇ ಗೇರಲ್ಲೇ ಎಳೀತವ್ನೆ, ದರಿದ್ರದವನು. ಇದು ಹಾಸನದ್ದು. ಇದರ ಕ್ಲಚ್ ಹೋಗೈತೆ" ಅಂತ ಒಬ್ಬನೇ ಹೇಳಿಕೊಳ್ಳುತ್ತಿದ್ದ. ಬೆಳಗ್ಗೆಯಿಂದ ಬೈಗಿನವರೆಗೂ ಇದೇ ಜಪ. ರಂಗಕ್ಕ ಒಳಗಿಂದ ಕಿರುಚೋಳು: "ಲೇ, ಬಸ್ಸು ಎಣಿಸೋದು ನಿಲ್ಲಿಸ್ತೀಯೋ, ನಾನೇ ಹೋಗಿ ಒಂದರ ಅಡೀಗೆ ಬೀಳ್ಲೋ?"

ಆಗಲೇ ಕಂಪ್ಯೂಟರು ಬಂದದ್ದು. ತಿಪಟೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರೋ ಸೌಮ್ಯ ಅನ್ನೋ ಹೆಣ್ಣುಮಗಳ ಹತ್ತಿರ ಯಾವುದೋ ಕಾಗದ ಪ್ರಿಂಟ್ ಹಾಕಿಸೋಕೆ ಹೋಗಿದ್ದ. ಮೇಜಿನ ಮೇಲೆ ಒಂದು ಸ್ಟೇರಿಂಗ್ ಕೂತಿತ್ತು. ಇದ್ಯಾಕವ್ವ ಇಲ್ಲಿ ಅಂದ. ಗೇಮಿಗೆ ಅಂಕಲ್, ಕೂತ್ಕೊಂಡು ನೋಡಿ ಅಂದಳು. ಕಾಲು ಸರಿಯಿಲ್ಲ ಕಣವ್ವ ಅಂದ. ಕಾಲು ಯಾಕೆ, ಬ್ರೇಕೂ ಆಕ್ಸಿಲರೇಟರೂ ಸ್ಟೇರಿಂಗಿನ ಹಿಂದೆ ಬೆರಳಿಗೇ ಸಿಗೋ ಹಂಗೆ ಮಾಡಿಕೊಡ್ತೀನಿ ಅಂದಳು. ಎರಡು ಗಂಟೆ ಹೊತ್ತು ಯಾವುದೋ ಸೀಮೆಯ ರಸ್ತೆಯಲ್ಲಿ ಬಸ್ಸು ಓಡಿಸಿದ. ಪ್ರಿಂಟ್ ಹಾಕಿಸಿದ ಕಾಗದ ಅಲ್ಲೇ ಬಿಟ್ಟು ಬಂದ.

ತಿಂಗಳೊಳಗೆ ಕಂಪ್ಯೂಟರಿನ ಪೆಟ್ಟಿಗೆ, ದೊಡ್ಡ ಪರದೆ, ಸ್ಟೇರಿಂಗ್ ಎಲ್ಲ ಕಿಬ್ಬನಹಳ್ಳಿಗೆ ಬಂದವು. ಪೆಟ್ಟಿಗೆಯೊಳಗೆ ಗ್ರಾಫಿಕ್ಸ್ ಕಾರ್ಡು ಅಂತ ಒಂದು. ರಸ್ತೆ, ಮರ, ಮೋಡ, ಎದುರು ಬರೋ ಲಾರಿ, ಎಲ್ಲ ಬರೆದು ತೋರಿಸೋದು ಅದೇ. ಹುಚ್ಚರಂಗಯ್ಯ ಅದನ್ನ 'ಇಂಜಿನ್ನು' ಅಂತಲೇ ಕರೆದ.

ಆಮೇಲೆ ಬಾಲರಾಜು ಮೇಷ್ಟ್ರ ಪರಿಚಯವಾಯಿತು. ತುರುವೇಕೆರೆ ಕಡೆ ಹೈಸ್ಕೂಲ್ ಮೇಷ್ಟ್ರು. ಹಿಂಗೇ ಮನೆಯಲ್ಲಿ ಗಾಡಿ ಓಡಿಸೋರನ್ನ ಕಟ್ಟಿಕೊಂಡು ಒಂದು ಬಳಗ ಮಾಡಿದ್ದರು, ಇವನೂ ಸೇರಿ ಇಪ್ಪತ್ತು ಜನ. ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ ಇಪ್ಪತ್ತೂ ಜನ ತಂತಮ್ಮ ಮನೆಯಿಂದಲೇ ಇಂಟರ್ನೆಟ್ಟಿನಲ್ಲಿ ಜರ್ಮನಿಯ ಒಂದೇ ರಸ್ತೆಗೆ ಇಳಿದು, ಸಾಲು ಹಿಡಿದು, ಮುಂದಿನ ಗಾಡಿಯ ಹಿಂದೆ ಹೋಗಬೇಕು. ಮುಂದಿನವನು ವೇಗ ಹೇಳಬೇಕು, ತಿರುವು ಹೇಳಬೇಕು. ಎರಡೇ ವಾರದಲ್ಲಿ ಆ ಮುಂದಿನ ಗಾಡಿ ಹುಚ್ಚರಂಗಯ್ಯನದಾಯಿತು. "ಬ್ರೇಕು ಅಂದ್ರೆ ರಂಗಣ್ಣನ ಬ್ರೇಕು ಕಣ್ರೋ, ಹಿಂದಿನವನ ಟೀ ಚೆಲ್ಲಲ್ಲ" ಅಂತ ಮೇಷ್ಟ್ರು ಎಲ್ಲರಿಗೂ ಕೇಳೋ ಹಂಗೆ ಹೇಳಿದ ದಿನ, ಹುಚ್ಚರಂಗಯ್ಯ ಎದ್ದು ಹೋಗಿ ಟ್ರಂಕಿನಿಂದ ಖಾಕಿ ಶರಟು ತೆಗೆದು ಇಸ್ತ್ರಿ ಮಾಡಿಸಿದ. ಮುಂದಿನ ಭಾನುವಾರದಿಂದ ಅದನ್ನ ಹಾಕಿಕೊಂಡೇ ಕೂತ.

ಬಳಗಕ್ಕೆ ಒಂದು ಕಟ್ಟುಪಾಡಿತ್ತು. ಮುಂದಿನ ಗಾಡಿ ನಡುದಾರಿಯಲ್ಲಿ ಮಾಯವಾದರೆ ಹಿಂದಿನ ಹತ್ತೊಂಬತ್ತೂ ಒಂದಕ್ಕೊಂದು ಗುದ್ದಿಕೊಳ್ಳುತ್ತವೆ. ಮೂರು ಸಲ ಹಂಗಾದರೆ ಅವನು ಮುಂದಿನ ಜಾಗ ಬಿಡಬೇಕು. ಹುಚ್ಚರಂಗಯ್ಯ ಅದನ್ನ ಕೇಳಿ, "ನಂಗ್ಯಾಕೆ ಹೇಳ್ತೀರಿ ಮೇಷ್ಟ್ರೇ, ಮೂವತ್ತೊಂದು ವರ್ಷ..." ಅಂತ ಶುರು ಮಾಡಿದ್ದ. ಪೂರ್ತಿ ಕೇಳೋ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ.

ಈಗ ಅಟ್ಟದ ವಿಷಯ. ಆ ಸೀಮೆಯ ಹಳೇ ಮನೆಗಳಲ್ಲಿ ಕೊಬ್ಬರಿ ಹುಟ್ಟೋದು ತೋಟದಲ್ಲಲ್ಲ, ಅಟ್ಟದ ಮೇಲೆ. ಬಲಿತ ಕಾಯಿಯನ್ನ ಅಡಿಕೆ ಮರ ಸೀಳಿದ ದಬ್ಬೆ ಹಾಸಿದ ಅಟ್ಟಕ್ಕೆ ತುಂಬಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ತಾನಾಗೇ ಆರಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಲೊಟಲೊಟ ಅನ್ನೋ ಉಂಡೆಯಾಗುತ್ತೆ. ಅದಕ್ಕೆ ಕೆಳಗಿನಿಂದ ಹದವಾದ ಬೆಚ್ಚಗಿನ ಗಾಳಿ ಬೇಕು. ಅದಕ್ಕೇ ರಂಗಕ್ಕ ನಡುಮನೆಯ ಕಿಟಕಿ ತೆಗೆಯೋಳಲ್ಲ. ಆ ವರ್ಷವಂತೂ ಕಾಯಿ ಹೆಚ್ಚಾಗಿ ಜಾಗ ಸಾಲದೆ, ಎಂದೂ ಇಲ್ಲದ್ದು, ಅರೆಬರೆ ಮಟ್ಟೆ ಸುಲಿಸಿ ಒತ್ತೊತ್ತಾಗಿ ತುಂಬಿಸಿದ್ದಳು. ಸುಲಿದ ನಾರಿನ ಪುಡಿ ದಬ್ಬೆ ಸಂದಿಯಿಂದ ಹಗಲೂ ರಾತ್ರಿ ಉದುರುತ್ತಿತ್ತು.

ಕಂಪ್ಯೂಟರು ಕೂತದ್ದು ಸರಿಯಾಗಿ ಆ ಅಟ್ಟದ ಕೆಳಗೆ, ಗೋಡೆಗೆ ಆತುಕೊಂಡು. ಮನೆಯಲ್ಲಿ ದಪ್ಪ ವೈರಿನ ಪ್ಲಗ್ಗು ಇದ್ದದ್ದು ಅಲ್ಲೊಂದೇ.

ಮೊದಲ ವಾರವೇ ರಂಗಕ್ಕ ಪೆಟ್ಟಿಗೆಯ ಹಿಂದೆ ಕೈ ಇಟ್ಟು ನೋಡಿದಳು. ಬಿಸಿ ಗಾಳಿ ಬುಸುಬುಸು ಅಂತ ಬರುತ್ತಿತ್ತು. ಮುಖ ಅರಳಿತು. "ಅಯ್ಯೋ ಶಿವನೇ, ಇದು ಒಳ್ಳೇ ಒಲೆ ಕಣ್ಲಾ! ಹೊಗೆ ಇಲ್ಲ, ಸೌದೆ ಬೇಕಿಲ್ಲ. ದಿನಾ ಎರಡು ಗಂಟೆ ಜಾಸ್ತಿ ಓಡ್ಸು, ಕಾಯಿ ಬೇಗ ಒಣಗ್ತವೆ."

"ಅಕ್ಕ, ಇದು ಒಲೆಯಲ್ಲ."

"ಬಿಸಿ ಬತ್ತದೋ ಇಲ್ವೋ?"

"ಬತ್ತದೆ. ಅದು ಹೊರಗೆ ಹೋಗ್ಲಿ ಅಂತ ಬತ್ತದೆ."

"ಹೊರಗ್ಯಾಕೆ ಹೋಗ್ಬೇಕು? ಮೇಲೇ ಹೋಗ್ಲಿ" ಅಂದವಳೇ, ಉದುರೋ ನಾರಿನ ಪುಡಿ ಒಳಗೆ ಬೀಳದಿರಲಿ ಅಂತ ಪೆಟ್ಟಿಗೆಗೆ ತನ್ನ ಹಳೇ ಸೀರೆ ಹೊದಿಸಿದಳು. ತಮ್ಮನ ಮೇಲಿನ ಪ್ರೀತಿಯಿಂದ, ಎರಡು ಮಡಿಕೆ.

ಹಂಗೇ ನಾಲ್ಕಾರು ತಿಂಗಳು ಓಡಿತು. ಯುಗಾದಿ ಕಳೆದ ಎರಡನೇ ಭಾನುವಾರ. ಮೂರೂಮುಕ್ಕಾಲು. ಹತ್ತೊಂಬತ್ತು ಗಾಡಿ ಹಿಂದೆ, ಹುಚ್ಚರಂಗಯ್ಯ ಮುಂದೆ. ಪೆಟ್ಟಿಗೆ ಭತ್ತದ ಮಿಲ್ಲಿನಂತೆ ಗುಂಯ್‌ಗುಡೋಕೆ ಶುರುವಾಯಿತು. ರಸ್ತೆ ತಡವರಿಸಿತು. ಮರಗಳು ನಿಂತು ನಿಂತು ಬಂದವು. ಪಟ್ ಅಂತ ಪರದೆ ಕಪ್ಪಾಯಿತು. ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನೂ ಸತ್ತಿತು. ಸ್ಟೇರಿಂಗ್ ಹಂಗೇ ಹಿಡಿದುಕೊಂಡು ಹುಚ್ಚರಂಗಯ್ಯ ಐದು ನಿಮಿಷ ಕೂತಿದ್ದ. ಮೂವತ್ತೊಂದು ವರ್ಷದಲ್ಲಿ ಆಗದ್ದು ಆಗಿಹೋಗಿತ್ತು.

ಸೌಮ್ಯಳಿಗೆ ಫೋನ್ ಮಾಡಿದ. "ಇಂಜಿನ್ ಕುದೀತು ತಾಯಿ. ಈ ಗಾಡೀಲಿ ಮುಳ್ಳೇ ಇಲ್ವಾ?"

"ಐತೆ ಅಂಕಲ್. ನೀವು ನೋಡಿಲ್ಲ" ಅಂದು, ಯಾವ ಗುಂಡಿ ಒತ್ತಿದರೆ ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ಅಂಕಿಯಲ್ಲಿ ಬರುತ್ತೆ ಅನ್ನೋದನ್ನ ಹೇಳಿಕೊಟ್ಟಳು. ಅವನು ಬಸ್ ಚೀಟಿಯ ಹಿಂದೆ ಬರೆದುಕೊಂಡ. ಸುಮ್ಮನೆ ಇದ್ದಾಗ ನಲವತ್ತರ ಆಸುಪಾಸು. ಗಾಡಿ ಓಡೋವಾಗ ಅರವತ್ತೈದರಿಂದ ಎಂಬತ್ತರವರೆಗೆ ಏನೂ ಭಯವಿಲ್ಲ. ಎಂಬತ್ತೈದಾದರೆ ಎಚ್ಚರ. ತೊಂಬತ್ತು ದಾಟಿದರೆ ನಿಲ್ಲಿಸಬೇಕು.

"ಕಾರ್ಡಿಗೂ ಜೀವದಾಸೆ ಇರ್ತದೆ ಅಂಕಲ್. ಬಿಸಿ ಹೆಚ್ಚಾದ್ರೆ ಮೊದಲು ತಾನೇ ನಿಧಾನ ಮಾಡ್ಕೊಳ್ತದೆ. ಅದಕ್ಕೇ ರಸ್ತೆ ತಡವರಿಸಿದ್ದು. ಆಗ್ಲೂ ನೀವು ಬಿಡ್ಲಿಲ್ಲ ಅಂದ್ರೆ ಆಫ್ ಆಗ್ತದೆ."

"ನಿಲ್ಸು ಅಂತ ಅದೇ ಹೇಳ್ತು, ನಾನು ಕೇಳ್ಲಿಲ್ಲ ಅನ್ನು" ಅಂದ. ಅವನಿಗೆ ನಾಚಿಕೆಯಾಯಿತು.

ಮಾರನೇ ದಿನ ಪೆಟ್ಟಿಗೆ ತೊಡೆ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿಪಟೂರಿಗೆ ಹೋದ. ಸೌಮ್ಯ ಮುಚ್ಚಳ ಬಿಚ್ಚಿದಳು. ಫ್ಯಾನುಗಳ ಸುತ್ತ, ಕಾರ್ಡಿನ ತಗಡುಗಳ ಸಂದಿಯಲ್ಲಿ, ಕಂದು ನಾರು ಗೂಡು ಕಟ್ಟಿತ್ತು.

"ಅಂಕಲ್, ಇದರಲ್ಲಿ ಯಾವುದಾದ್ರೂ ಹಕ್ಕಿ ಮೊಟ್ಟೆ ಇಟ್ಟಿದ್ಯಾ?"

"ಅದು ಅಟ್ಟದ ಪುಡಿ ಕಣವ್ವ."

"ಅಟ್ಟದ ಕೆಳಗೆ ಇಟ್ಟಿದ್ದೀರಾ? ಕೊಬ್ಬರಿ ಅಟ್ಟದ ಕೆಳಗೆ?" ಸೌಮ್ಯ ಹಣೆ ಒತ್ತಿಕೊಂಡಳು. "ತಿಪಟೂರಲ್ಲಿ ಅಂಗಡಿ ಇಟ್ಟಿದ್ದು ನನ್ನ ತಪ್ಪು." ಬೈದುಕೊಂಡೇ, ಫ್ಯಾನು ಗಾಳಿಗೆ ಸುಮ್ಮನೆ ತಿರುಗಿ ಹಾಳಾಗದ ಹಾಗೆ ಬೆರಳಲ್ಲಿ ಒತ್ತಿ ಹಿಡಿದು, ಬ್ಲೋಯರಿನಲ್ಲಿ ಊದಿದಳು. ಕಾರ್ಡಿನ ಚಿಪ್‌ಗೂ ಅದರ ಬಿಸಿ ಹೀರೋ ತಗಡಿಗೂ ನಡುವೆ ಹಚ್ಚಿರುವ ಪೇಸ್ಟನ್ನ ಉಗುರಲ್ಲಿ ಕೆರೆದು ತೋರಿಸಿದಳು. "ಇದು ಬೆಣ್ಣೆ ಥರ ಇರಬೇಕು. ನಿಮ್ಮದು ಒಣಗಿ ಕೊಬ್ಬರಿ ಆಗಿದೆ." ಹೊಸದು ಹಚ್ಚಿದಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: ಗೋಡೆಯಿಂದ ಒಂದು ಗೇಣು ಈಚೆ ಇಡಿ, ನೆಲದ ಮೇಲೆ ಬೇಡ, ಬಟ್ಟೆ ಹೊದಿಸಬೇಡಿ, ಕಿಟಕಿ ತೆಗೀರಿ, ಅರವತ್ತು ದಾಟಿದ ಕೂಡಲೇ ಫ್ಯಾನು ಜೋರಾಗಿ ತಿರುಗೋ ಹಾಗೆ ಮಾಡಿದ್ದೀನಿ, ಅದನ್ನ ಮುಟ್ಟಬೇಡಿ. "ಮತ್ತೆ ಆ ಮರಗಳು. ಎಲೆ ಎಲೇನೂ ಕಾಣೋ ಹಂಗೆ ಇಟ್ಟಿದ್ದೀರಲ್ಲ, ಕಡಿಮೆ ಮಾಡಿ. ಕಾರ್ಡಿಗೆ ಅದೇ ದೊಡ್ಡ ಹೊರೆ."

"ಮರ ಚೆನ್ನಾಗಿ ಕಾಣಲಿ ಬುಡು ತಾಯಿ."

"ಇಡೀ ತಾಲ್ಲೂಕಲ್ಲಿ ಮರ ನೋಡಿದ್ದು ಸಾಲ್ದಾ ಅಂಕಲ್? ಜರ್ಮನಿ ಎಲೆ ಬೇರೆ ಎಣಿಸ್ಬೇಕಾ?"

ಕಡಿಮೆ ಮಾಡಿದ. ಮನೆಗೆ ಬಂದು ಪೆಟ್ಟಿಗೆಯನ್ನ ಮಣೆ ಮೇಲಿಟ್ಟ, ಗೇಣು ಅಳೆದು ಗೋಡೆಯಿಂದ ಸರಿಸಿದ, ಸೀರೆ ಮಡಿಚಿ ಅಕ್ಕನ ಕೈಗಿತ್ತ, ಕಿಟಕಿ ತೆಗೆದ. ವಾರವೆಲ್ಲ ಓಡಿಸಿದ. ಎಪ್ಪತ್ತಾರು ದಾಟಲಿಲ್ಲ.

ಭಾನುವಾರ ಬಂತು. ಮೂರು ಗಂಟೆಗೆ ಹೆಡ್‌ಫೋನ್ ಹಾಕಿಕೊಂಡು ಕೂತವನಿಗೆ ಬೆನ್ನ ಹಿಂದೆ ಏನಾಗುತ್ತಿದೆ ತಿಳಿಯಲಿಲ್ಲ. ಮೂರೂವರೆಗೆ ಕಣ್ಣಿನ ಬಾಲ ಮೂಲೆಯ ಅಂಕಿ ನೋಡಿತು. ಎಂಬತ್ತೆರಡು. ಇದೇನಿದು ಅಂದುಕೊಂಡ. ಎಂಬತ್ತೇಳು. ಸಾಲು ನಿಲ್ಲಿಸೋಕೆ ಜಾಗ ಹುಡುಕಿದ. ಸೇತುವೆ ಮೇಲಿದ್ದರು, ನಿಲ್ಲಿಸುವ ಹಾಗಿರಲಿಲ್ಲ. ತೊಂಬತ್ತೊಂದು. ತೊಂಬತ್ತೈದು. ಸೇತುವೆ ಮುಗಿಯುವ ಮೊದಲೇ ಕತ್ತಲು.

ತಿರುಗಿ ನೋಡಿದರೆ ಕಿಟಕಿ ಮುಚ್ಚಿತ್ತು. ಸಂದಿಗೆ ಗೋಣಿಚೀಲ ತುರುಕಿತ್ತು. ಬಾಗಿಲ ಕೆಳಗೂ ಒಂದು ಚೀಲ.

"ಅಕ್ಕಾ!"

"ಯಾಕ್ಲಾ ಅರಚ್ತೀಯ? ಕಾಯಿಗೆ ಗಾಳಿ ಬಡೀತಿತ್ತು, ಮುಚ್ಚಿದೆ."

"ತೆಗೆದಿರ್ಬೇಕು ಅಂತ ನೂರು ಸಲ ಹೇಳಿದ್ನಲ್ಲೇ!"

"ಮುಚ್ಚಿರ್ಬೇಕು ಅಂತ ನಮ್ಮಪ್ಪ ಸಾವಿರ ಸಲ ಹೇಳೌನೆ. ನಿನ್ನ ಪೆಟ್ಟಿಗೆ ಬಂದು ಎಷ್ಟು ವರ್ಷ ಆಯ್ತು? ಅಟ್ಟ ಬಂದು ಎಷ್ಟು ವರ್ಷ ಆಯ್ತು?"

"ಇನ್ನೊಂದು ಸಲ ಹಿಂಗಾದ್ರೆ ಮುಂದಿನ ಗಾಡಿ ಹೋಯ್ತು ಕಣೇ ನಂದು!"

"ಯಾವ ಗಾಡಿ? ಎಲ್ಲೈತೆ ಗಾಡಿ? ತೋರ್ಸು, ನೋಡ್ತೀನಿ."

ಖಾಕಿ ಶರಟು ಬಿಚ್ಚಿ ಗೂಟಕ್ಕೆ ಎಸೆದು ಜಗಲಿಗೆ ಹೋಗಿ ಕೂತ. ಬಾಯಿ ತಾನಾಗೇ, "ಇದು ಹಾಸನದ್ದು" ಅಂದಿತು. ಒಳಗೆ ರಂಗಕ್ಕ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು.

ಮುಂದಿನ ವಾರಕ್ಕೆ ಅವನೇ ಒಂದು ಉಪಾಯ ಹುಡುಕಿದ. ಬಸ್ಸಿನ ಇಂಜಿನ್ ಕಾದರೆ ಬಾನೆಟ್ ಎತ್ತುತ್ತೇವೆ, ಹಂಗೇ ಇದರ ಪಕ್ಕದ ತಗಡೂ ಬಿಚ್ಚಿಬಿಟ್ಟರಾಯಿತು. ಫೋನಿನಲ್ಲಿ ಸೌಮ್ಯ, "ಎಲ್ಲಿ ಗಾಳಿ ಕಟ್ಟಿದೆ ಅಂತ ತಿಳಿಯೋಕೆ ಒಂದು ಸಲ ಬಿಚ್ಚಿ ನೋಡಿ, ಹಂಗೇ ಬಿಟ್ಟು ಕೂರಬೇಡಿ ಅಂಕಲ್" ಅಂದಿದ್ದಳು. ಮಾತಿನ ಮೊದಲ ಅರ್ಧ ಮಾತ್ರ ಅವನ ಕಿವಿಯಲ್ಲಿ ನಿಂತಿತು. ತಗಡು ಬಿಚ್ಚಿ, ತೆರೆದ ಬದಿ ಮೇಲಕ್ಕೆ ಬರೋ ಹಾಗೆ ಪೆಟ್ಟಿಗೆಯನ್ನ ಮಲಗಿಸಿ, ಟೇಬಲ್ ಫ್ಯಾನು ತಿರುಗಿಸಿಟ್ಟ. ಕಿಟಕಿ ಮುಚ್ಚಿದ್ದರೂ ಎಪ್ಪತ್ತೊಂದು! "ನೋಡಿದ್ಯೇನೇ, ನಿನ್ನ ಕಿಟಕಿ ನೀನೇ ಇಟ್ಕೋ" ಅಂದ. "ಇಟ್ಕಂಡಿವ್ನಿ ಬುಡು" ಅಂದಳು ಅವಳು. ಮನೆಯಲ್ಲಿ ಒಂದು ವಾರ ಶಾಂತಿ.

ಅಟ್ಟದ ಕೆಳಗೆ ಹುಟ್ಟಿದವನು ಮರೆಯಬಾರದ ಮಾತೊಂದನ್ನ ಅವನು ಮರೆತಿದ್ದ. ಚಿಕ್ಕಂದಿನಲ್ಲಿ ಅಪ್ಪ ಮಕ್ಕಳನ್ನ ಮಲಗಿಸೋವಾಗ ಹೇಳುತ್ತಿದ್ದ ಮಾತು: ಅಟ್ಟದ ಕೆಳಗೆ ಬಾಯಿ ತೆರೆದು ಮಲಗಬೇಡಿ.

ಮೂರನೇ ಭಾನುವಾರ ನಾಲ್ಕು ಗಂಟೆ. ಅಂಕಿ ಎಪ್ಪತ್ತು. ಹಿಂದೆ ಹತ್ತೊಂಬತ್ತು ಗಾಡಿ ಮುತ್ತಿನ ಸರದಂತೆ ಬರುತ್ತಿದ್ದವು. ಮೊದಲು ಒಂದು ಹುಳಿ ವಾಸನೆ ಬಂತು. ಹೆಡ್‌ಫೋನಿನ ಒಂದು ಕಿವಿ ಸರಿಸಿದ, ತೊಟ್ ಅಂತ ಸದ್ದು. ತೊಟ್. ತೊಟ್ ತೊಟ್. ಹುಚ್ಚರಂಗಯ್ಯ ಕತ್ತು ತಿರುಗಿಸಿ ನೋಡುವಷ್ಟರಲ್ಲಿ ಅಟ್ಟದ ದಬ್ಬೆ ಸಂದಿಯಿಂದ ಕೊಳೆತ ಕಾಯಿನೀರು ದಾರವಾಗಿ ಇಳಿದು ತೆರೆದ ಪೆಟ್ಟಿಗೆಯೊಳಗೆ ಬಿತ್ತು. ಚುಂಯ್ ಅಂತು. ಪರದೆ ಕಪ್ಪಾಯಿತು.

ಮೂರನೆಯದು.

ರಂಗಕ್ಕ ಏಣಿ ಹತ್ತಿದಳು. ಅರವತ್ತೆಂಟರ ಹೆಂಗಸು ಅಳಿಲಿನಂತೆ ಅಟ್ಟ ಸೇರಿ, ಒಂದೊಂದೇ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದಳು. ಆಚೆ ಮೂಲೆಯವು ಹದವಾಗಿ ಕುಲುಕುತ್ತಿದ್ದವು. ಸರಿಯಾಗಿ ಕಂಪ್ಯೂಟರಿನ ನೆತ್ತಿಯ ಮೇಲಿದ್ದ ಗುಡ್ಡೆಯಲ್ಲಿ ಮಾತ್ರ ಒಂದು ಸೀಳಿತ್ತು, ಇನ್ನೊಂದು ಸೀಳಿತ್ತು, ಮತ್ತೊಂದು ಒಳಗೇ ಕೊಳೆತು ಅಂಟಿತ್ತು. ಮಟ್ಟೆ ಅರ್ಧ ಕಳೆದುಕೊಂಡ ಚಿಪ್ಪಿಗೆ ತಿಂಗಳಾನುಗಟ್ಟಲೆ ಒಂದೇ ಕಡೆ ಬಿಸಿ ಬಡಿದು ಬಿರುಕು ಬಿಟ್ಟಿದ್ದವು. ಕಾಯಿಗೆ ಬೇಕಾದದ್ದು ಬೆಚ್ಚಗೆ. ಸಿಕ್ಕಿದ್ದು ಬಿಸಿ. ಬೇರೆ ಯಾರಾದರೂ ಹಿಂಗೆ ಮಾಡಿದ್ದರೆ ಅವಳೇ ಬೀದಿಯಲ್ಲಿ ನಿಂತು ಉಗಿಯುತ್ತಿದ್ದಳು.

ಅಟ್ಟದ ಮೇಲಿನಿಂದ ದನಿ ಬಂತು. "ಲೇ ರಂಗ. ಇದು ಒಲೆಯಲ್ಲ ಅಂತ ನೀನು ಹೇಳಿದ್ದು ನಿಜ ಕಣ್ಲಾ."

"ಈಗ ಹೇಳು!" ಅಂದ.

ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಬಡಿಯಿತು. ಬಾಲರಾಜು ಮೇಷ್ಟ್ರು. ಹುಚ್ಚರಂಗಯ್ಯ ಮುಟ್ಟಲಿಲ್ಲ. ಗೋಡೆ ಕಡೆ ಮುಖ ಮಾಡಿ ಕೂತ. ರಂಗಕ್ಕ ಏಣಿ ಇಳಿದು, ಕೊಳೆತ ನೀರಿನ ಕೈಯನ್ನ ಸೆರಗಿಗೆ ಒರೆಸಿಕೊಂಡು, ತಾನೇ ಎತ್ತಿದಳು.

"ಯಾರಪ್ಪ?"

"ನಾನಮ್ಮ, ಬಾಲರಾಜು. ರಂಗಣ್ಣ ಇಲ್ವಾ? ಹೆಂಗೆ ಹೇಳೋದೋ ತಿಳೀತಿಲ್ಲ. ಮೂರು ಸಲ ಆಯ್ತು..."

"ಮೇಷ್ಟ್ರಲ್ವಾ ನೀವು? ನಿಮ್ಮ ಸ್ಕೂಲಲ್ಲಿ ಹುಡುಗನ ಪುಸ್ತಕಕ್ಕೆ ಬೇರೆ ಯಾರೋ ನೀರು ಚೆಲ್ಲಿದ್ರೆ ಹುಡುಗನ್ನ ಫೇಲ್ ಮಾಡ್ತೀರಾ?"

"ಅಲ್ಲಮ್ಮ, ಕಟ್ಟುಪಾಡು..."

"ಕೇಳ್ರಿ ಇಲ್ಲಿ. ಒಂದು ಸಲ ನನ್ನ ಅಟ್ಟದ ನಾರು, ನನ್ನ ಸೀರೆ. ಒಂದು ಸಲ ನನ್ನ ಗೋಣಿಚೀಲ. ಇವತ್ತು ನನ್ನ ಕೊಳೆತ ಕಾಯಿ. ಮುಚ್ಚಳ ತೆಗೆದದ್ದು ಅವನ ಪೆದ್ದತನ, ಅದಿರ್ಲಿ. ಅವನು ಪ್ಯಾಸೆಂಜರ್ನ ನಡುದಾರೀಲಿ ಇಳಿಸಿದೋನಲ್ಲ. ಕಾಲು ಜೋಮು ಹಿಡಿದಾಗ ಯಾರೂ ಹೇಳ್ದೆ ತಾನೇ ಹೋಗಿ ಸ್ಟೇರಿಂಗ್ ಬಿಟ್ಟು ಬಂದೋನು. ಮನೇಲಿ ಸಾಕಾಯ್ತು ಅಂದ. ಗಂಗರಾಜು ಬಂದು ಹೇಳದಿದ್ರೆ ನಂಗೂ ಗೊತ್ತಾಗ್ತಿರಲಿಲ್ಲ. ಈಗ ನೀವು ಇದನ್ನೂ ಕಿತ್ಕಂಡ್ರೆ ಅವನು ಮತ್ತೆ ಜಗಲಿ ಮೇಲೆ ಕುಂತು ಬಸ್ಸು ಎಣಿಸ್ತಾನೆ. ಎರಡು ತಿಂಗಳು ಆ ಎಣಿಕೆ ಕೇಳಿದೀನಿ ಮೇಷ್ಟ್ರೇ. ಇನ್ನೊಂದು ದಿನ ನನ್ನ ಕೈಲಾಗಲ್ಲ."

ಗೋಡೆ ಕಡೆ ಕೂತವನು ತನ್ನ ಬಲಗಾಲು ನೋಡಿಕೊಂಡ. ಚಪ್ಪಲಿಯ ವಿಷಯ ಅಕ್ಕನಿಗೆ ಗೊತ್ತಿದೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ.

ಕೊನೆಗೆ ಮೇಷ್ಟ್ರು, "ಇನ್ನೊಂದೇ ಭಾನುವಾರ ಕಣಮ್ಮ. ಹದಿನೈದು ದಿನ ಬಿಟ್ಟು. ಅವತ್ತು ದೊಡ್ಡ ದಾರಿ, ಮೂರು ಗಂಟೆ ಹೊತ್ತು. ಅವತ್ತು ನಿಂತ್ರೆ ಮಾತ್ರ ನನ್ನ ಕೈಲಿಲ್ಲ" ಅಂದರು.

ಸೌಮ್ಯ ಕಾರ್ಡು ಬಿಚ್ಚಿ ಮೂಸಿ ನೋಡಿ, ಅಂಗಡಿಯ ಕಿಟಕಿ ತೆಗೆದಳು. ಬೈಯೋಕೂ ಅವಳಿಗೆ ಶಕ್ತಿ ಉಳಿದಿರಲಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸಿ, ಬ್ರಷ್ಷಿನಲ್ಲಿ ಉಜ್ಜಿ, ನಾಲ್ಕು ದಿನ ಒಣಗಲಿಟ್ಟಳು. ನೀರು ಬಿದ್ದದ್ದು ಹೆಚ್ಚಾಗಿ ಕಾರ್ಡಿನ ಬೆನ್ನ ಮೇಲಿನ ತಗಡಿಗೆ. ಅದೇ ಉಳಿಸಿತು. "ಇದು ಬದುಕಿದೆ ಅಂಕಲ್. ಆದ್ರೆ ಆ ಅಟ್ಟದ ಕೆಳಗೆ ವಾಪಸ್ ಇಡೋದಾದ್ರೆ ನನ್ನ ನಂಬರ್ ಅಳಿಸಿಬಿಡಿ."

ಹಿತ್ತಿಲಿಂದ ಐವತ್ತು ಮಾರು ದೂರದಲ್ಲಿ, ತೋಟದೊಳಗೆ, ಅಪ್ಪನ ಕಾಲದ ಒಂದು ಕೋಣೆಯಿತ್ತು. ಮೇಲೆ ಕಲ್ಲು ಚಪ್ಪಡಿ, ಎದುರುಬದುರು ಎರಡು ದೊಡ್ಡ ಕಿಟಕಿ, ಸುತ್ತ ಮರದ ನೆರಳು. ಕಾಯಿ ಸುಲಿಯೋರು ಊಟ ಮಾಡಿ ಮಲಗೋ ಜಾಗ. ಅದನ್ನ ನೆನಪಿಸಿದವಳು ರಂಗಕ್ಕನೇ. "ಅಲ್ಲಿ ಅಟ್ಟ ಇಲ್ಲ, ನಾನೂ ಇಲ್ಲ" ಅಂದಳು. ಮನೆಯಿಂದ ದಪ್ಪ ವೈರು ಎಳೆಸಿದ. ಕಿಟಕಿಗಳಿಗೆ ಸೊಳ್ಳೆಪರದೆ ಬಿಗಿದ, ಗಾಳಿ ಬರಲಿ ಧೂಳು ಬೇಡ ಅಂತ. ಪೆಟ್ಟಿಗೆಯನ್ನ ಕಲ್ಲಿನ ಬೆಂಚಿನ ಮೇಲೆ ನಿಲ್ಲಿಸಿ, ತಗಡು ಮುಚ್ಚಿ ತಿರುಪು ಬಿಗಿ ಮಾಡಿದ. ರಂಗಕ್ಕ ಬಂದು ಒಂದು ಸುತ್ತು ನೋಡಿ, "ಇಲ್ಲಿ ಕಾಯಿ ತೊಟ್ಟಿಕ್ಕಲ್ಲ, ಚಪ್ಪಡಿ ಮೇಲೆ ಧಡ್ ಅಂತ ಬೀಳ್ತವೆ. ಬಿದ್ದಾಗ ಬೆಚ್ಚಿ ಗಾಡಿ ಕೆರೆಗೆ ಇಳಿಸ್ಬ್ಯಾಡ" ಅಂದು ಹೋದಳು.

ಆ ಭಾನುವಾರ ಮೂರು ಗಂಟೆಗೆ ಹೊರಟ ಸಾಲು ಆರಕ್ಕೆ ಮುಟ್ಟಿತು. ಚಪ್ಪಡಿ ಮೇಲೆ ಎರಡು ಕಾಯಿ ಬಿದ್ದವು, ಸ್ಟೇರಿಂಗ್ ಅಲುಗಲಿಲ್ಲ. ಮೂಲೆಯ ಅಂಕಿ ಎಪ್ಪತ್ತೆರಡು ಮುಟ್ಟಿ, ಎಪ್ಪತ್ತಕ್ಕಿಳಿದು, ಮತ್ತೆ ಎಪ್ಪತ್ತೆರಡಕ್ಕೆ ಬಂದು ಅಲ್ಲೇ ನಿಂತಿತು. ಹತ್ತೊಂಬತ್ತು ಗಾಡಿಯೂ ಹಿಂದೆ ಬಂದು ನಿಂತ ಮೇಲೆ ಬಾಲರಾಜು ಮೇಷ್ಟ್ರು, "ರಂಗಣ್ಣ, ಮುಂದಿನ ವಾರ ಬೇಗ ಬನ್ನಿ, ಹೊಸಬರು ಇಬ್ಬರಿದ್ದಾರೆ, ಬ್ರೇಕು ಹೇಳಿಕೊಡಬೇಕು" ಅಂದರು. ಅಷ್ಟೇ ಅಂದದ್ದು. ಹುಚ್ಚರಂಗಯ್ಯ ಹೆಡ್‌ಫೋನ್ ತೆಗೆದಿಟ್ಟು, ಪೆಟ್ಟಿಗೆ ಆರುವವರೆಗೂ ಕಾದು, ಆಮೇಲೆ ಆಫ್ ಮಾಡಿದ. ಗಾಡಿ ನಿಲ್ಲಿಸಿದರೂ ಕಾದ ಇಂಜಿನ್ನನ್ನ ತಟ್ಟನೆ ಬಂದ್ ಮಾಡೋನು ಅವನಲ್ಲ.

ಸೋಮವಾರ ಬೆಳಗ್ಗೆ ಹಾಸಿಗೆ, ಟ್ರಂಕು ತಗೊಂಡು ಹೋಗೋಕೆ ಮನೆಗೆ ಬಂದ. ಇನ್ನು ಮಲಗೋದೂ ಅಲ್ಲೇ ಅಂತ ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ನಡುಮನೆಯಲ್ಲಿ ಕಂಪ್ಯೂಟರಿದ್ದ ಜಾಗ ಚೌಕಾಕಾರವಾಗಿ ಬೆಳ್ಳಗೆ ಕಾಣುತ್ತಿತ್ತು. ರಂಗಕ್ಕ ಅಟ್ಟದ ಮೇಲೆ ಸೀಳಿದ ಕಾಯಿ ಆರಿಸಿ ಬುಟ್ಟಿಗೆ ಎಸೆಯುತ್ತಿದ್ದಳು.

"ಬತ್ತೀನಿ ಕಣಕ್ಕ."

"ಎಲ್ಲಿಗೋ ದೇಶಾಂತರ ಹೋಗೋನ ಥರ ಹೇಳ್ಬ್ಯಾಡ. ಐವತ್ತು ಮಾರು. ಮುದ್ದೆ ತಿನ್ನೋಕೆ ಬತ್ತೀಯೋ, ಕಳಿಸ್ಲೋ?"

"ಜಗಲಿಗೆ ಬತ್ತೀನಿ."

"ಜಗಲಿಗೇ ಬಾ. ಒಳಗೆ ಬಂದ್ರೆ ಕಿಟಕಿ ತೆಗೀತೀಯ."

ಹಂಗೇ ಆಯಿತು. ಆಮೇಲೆ ಅವನು ಬಂದದ್ದೆಲ್ಲ ಜಗಲಿಯವರೆಗೆ, ನೆಂಟನ ಹಾಗೆ. ಹುಟ್ಟಿದ ಮನೆಯಿಂದ ಹಾಸಿಗೆ ಸಮೇತ ಹೊರಟದ್ದು ಅದೇ ಕೊನೇ ಸಲ. ಟ್ರಂಕು ತಲೆ ಮೇಲೆ, ಸುತ್ತಿದ ಹಾಸಿಗೆ ಕಂಕುಳಲ್ಲಿ, ಖಾಕಿ ಶರಟು ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲು ದಾಟಿದ. ಹಿತ್ತಿಲ ಬಾಗಿಲವರೆಗೂ ಹೋಗಿದ್ದ. ಹಿಂದಿನಿಂದ, ಅಟ್ಟ ಇಳಿದಿದ್ದ ರಂಗಕ್ಕನ ಕಿರುಚು ಕೇಳಿಸಿತು.

"ಲೇ! ಬಲಗಾಲಿನ ಚಪ್ಪಲಿ ಇಲ್ಲೇ ಬಿಟ್ಟಿದ್ದೀಯ ಕಣ್ಲಾ!"

ತಲೆ ಮೇಲೆ ಟ್ರಂಕಿದ್ದರಿಂದ ಕತ್ತು ಬಗ್ಗಿಸಿ ನೋಡುವಂತಿರಲಿಲ್ಲ. "ಎಸೀ ಈ ಕಡೆ" ಅಂದ.

ನಡುಮನೆಯ ಕಿಟಕಿಯಿಂದ ಚಪ್ಪಲಿ ಹಾರಿ ಬಂದು ಅವನ ಕಾಲ ಬಳಿ ಬಿತ್ತು. ಹಿಂದೆಯೇ ಆ ಕಿಟಕಿ ಧಡಾರನೆ ಮುಚ್ಚಿತು. ಸಂದಿಗೆ ಗೋಣಿಚೀಲ ತುರುಕುವ ಸದ್ದೂ ಕೇಳಿಸಿತು. ಹುಚ್ಚರಂಗಯ್ಯ ಟ್ರಂಕು ಇಳಿಸಿ, ಚಪ್ಪಲಿಯನ್ನ ಕೈಯಿಂದಲೇ ಕಾಲಿಗೆ ತೊಡಿಸಿ, ಪಟ್ಟಿ ಎಳೆದು ನೋಡಿ, ತೋಟದ ಕಡೆ ನಡೆದ.